ಫಲಾನುಭವಿಗಳ ಸಂಖ್ಯೆ

ಹೋದ ವರ್ಷ ನಾನೊಂದು ಸುಳ್ಳು ಬರೆದೆ. ಆಫೀಸಿನಲ್ಲಿ ಸಣ್ಣಪುಟ್ಟ ಸುಳ್ಳು ಎಲ್ಲರೂ ಬರೀತೀವಿ, ಇನ್ನೂ ಮುಟ್ಟಿಯೇ ಇರದ ಬಗ್‌ಗೆ 'ಇನ್ ಪ್ರೋಗ್ರೆಸ್' ಅಂತ ಹಾಕೋದೂ ಸೇರಿ. ಇದು ಆ ಬಗೆಯದ್ದಲ್ಲ. ಒಂದು ಒಳ್ಳೇ ಕೆಲಸಕ್ಕೆ ದುಡ್ಡು ಸಿಗಲಿ ಅಂತ, ನಾನು ಚೆನ್ನಾಗಿ ಬಲ್ಲ ಊರಿನ ಬಗ್ಗೆ, ನಾನು ಚೆನ್ನಾಗಿ ಬಲ್ಲ ಜನರ ಬಗ್ಗೆ ಬರೆದದ್ದು.

ಆದದ್ದಿಷ್ಟು. ನಮ್ಮ ಕಂಪನಿಯಲ್ಲಿ ಸಿಎಸ್‌ಆರ್ ದುಡ್ಡಿನ ಒಂದು ಸಣ್ಣ ಭಾಗವನ್ನು ಉದ್ಯೋಗಿಗಳು ಶಿಫಾರಸು ಮಾಡಿದ ಸಂಸ್ಥೆಗಳಿಗೆ ಕೊಡ್ತಾರೆ. ನಮ್ಮ ಕಡೆ, ಅಂದರೆ ಹಾವೇರಿ ಜಿಲ್ಲೆಯ ಕಡೆ, ಊರೂರು ತಿರುಗಿ ನಾಟಕ ಆಡುವ ಒಂದು ಚಿಕ್ಕ ತಂಡವಿದೆ. ಹನ್ನೆರಡು ಜನ, ಒಂದು ಹಳೇ ಲಾರಿ, ವರ್ಷಕ್ಕೆ ಎರಡು ನಾಟಕ. ಲೈಟು ಹಳತಾಗಿವೆ, ಲಾರಿ ಎಲ್ಲೆಂದರಲ್ಲಿ ನಿಲ್ಲುತ್ತೆ, ಏನಾದರೂ ಮಾಡೋಕಾಗುತ್ತಾ ಅಂತ ಅವರ ಕಾರ್ಯದರ್ಶಿ ಫೋನ್ ಮಾಡಿದ್ದರು. ನೋಡೋಣ ಅಂತ ಫಾರ್ಮ್ ತೆಗೆದೆ. ನಾಲ್ಕನೇ ಪುಟದಲ್ಲಿ ಎರಡು ಕಲಮು: 'ಸಮುದಾಯಕ್ಕೆ ಆಗುವ ಪ್ರಯೋಜನಗಳು', ಅದರ ಕೆಳಗೆ 'ಫಲಾನುಭವಿಗಳ ಸಂಖ್ಯೆ'.

ಭಾನುವಾರ ಮಧ್ಯಾಹ್ನ ಕೂತು ತುಂಬಿದೆ. ಗ್ರಾಮೀಣ ಯುವಜನರ ವ್ಯಕ್ತಿತ್ವ ವಿಕಸನ. ದುಶ್ಚಟಗಳ ವಿರುದ್ಧ ಜಾಗೃತಿ. ಮಹಿಳಾ ಸಬಲೀಕರಣ. ಜಾತಿ ಸಾಮರಸ್ಯ. ಫಲಾನುಭವಿಗಳು: ಒಂದು ಪ್ರದರ್ಶನಕ್ಕೆ 600 ಜನ, ಗುಣಿಸು 40, ಒಟ್ಟು 24,000. ಬರೆದು ಮುಗಿಸಿದಾಗ ನನಗೇ ಖುಷಿಯಾಯ್ತು, ಅಷ್ಟು ಚೆನ್ನಾಗಿ ಬಂದಿತ್ತು. ಕಾರ್ಯದರ್ಶಿಗೆ ಓದಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಇಷ್ಟೆಲ್ಲಾ ನಾವು ಮಾಡ್ತೇವೇನ್ರಿ ಸರ? ನಾವು ನಾಟಕ ಅಷ್ಟ ಮಾಡ್ತೇವ್ರಿ" ಅಂದರು.

ನಕ್ಕು ಫೋನಿಟ್ಟೆ. ರಾತ್ರಿ ನಿದ್ದೆ ಬರಲಿಲ್ಲ ಅಂತೇನೂ ಹೇಳಲ್ಲ, ಬಂತು. ಆದರೆ ಆ ಮಾತು ಮಾತ್ರ ಮಾರನೇ ದಿನವೂ ಹೋಗಲಿಲ್ಲ.

ತಿರುಗಾಟ ಅಂದ್ರೇನು ಅಂತ ಬೆಂಗಳೂರಲ್ಲೇ ಹುಟ್ಟಿ ಬೆಳೆದವರಿಗೆ ಒಂದೆರಡು ಮಾತು ಹೇಳಬೇಕು. ನಾಟಕ ಹೊತ್ತುಕೊಂಡು ಊರೂರು ಅಲೆಯೋದು ನಮ್ಮಲ್ಲಿ ಹೊಸದಲ್ಲ. ಗುಬ್ಬಿ ಕಂಪನಿಯ ಹೆಸರು ನೀವು ಕೇಳಿರ್ತೀರಿ. ಈಗಲೂ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋದರೆ ಕಂಪನಿ ನಾಟಕಗಳ ಟೆಂಟುಗಳು ಸಾಲಾಗಿ ನಿಂತಿರ್ತವೆ. ಅದು ವ್ಯಾಪಾರ, ಗೇಟಿನ ದುಡ್ಡಿನ ಮೇಲೆ ನಡೆಯೋದು. ಅದರಲ್ಲಿ ತಪ್ಪೇನಿಲ್ಲ. ನಾನು ಹೇಳ್ತಿರೋದು ಇನ್ನೊಂದು ತರಹದ್ದು, ಲಾಭಕ್ಕಲ್ಲದೆ ಸಂಘವೊಂದು ನಡೆಸೋದು. ಸಾಗರ ತಾಲೂಕಿನ ಹೆಗ್ಗೋಡಲ್ಲಿ 1949ರಲ್ಲಿ ಊರಿನವರೇ ಸೇರಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಅಂತ ಕಟ್ಟಿಕೊಂಡರು. ಅದೇ ನೀನಾಸಂ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಅಡಿಕೆ ತೋಟದ ಮನೆಯವರು. 1980ರಲ್ಲಿ ನಾಟಕದ ಶಾಲೆ ಶುರುವಾಯ್ತು. 1985ರಲ್ಲಿ 'ತಿರುಗಾಟ' ಶುರುವಾಯ್ತು: ಮಳೆಗಾಲದಲ್ಲಿ ಕೂತು ತಾಲೀಮು ಮಾಡೋದು, ಮಳೆ ನಿಂತಮೇಲೆ ಸೆಟ್ಟು, ಲೈಟು, ಉಡುಪು, ನಟರು ಎಲ್ಲವನ್ನೂ ತುಂಬಿಕೊಂಡು ಕರ್ನಾಟಕದ ಉದ್ದಗಲ ಹೋಗೋದು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. 1997ರಿಂದ ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯ ಮಠದವರು ಶಿವಸಂಚಾರ ಅಂತ ಇಂಥದ್ದೇ ತಿರುಗಾಟ ನಡೆಸ್ತಿದ್ದಾರೆ. ಇವರನ್ನು ನೋಡಿಯೇ ಹುಟ್ಟಿಕೊಂಡ ಚಿಕ್ಕ ಚಿಕ್ಕ ತಂಡಗಳೂ ಇವೆ, ನಾನು ಅರ್ಜಿ ಬರೆದುಕೊಟ್ಟ ತಂಡದಂಥವು.

ನಾನು ಎಂಟನೇ ಕ್ಲಾಸಲ್ಲಿದ್ದಾಗ ಹೆಗ್ಗೋಡಿನ ನಾಟಕ ನಮ್ಮೂರಿಗೆ ಬಂತು. ಸುಮ್ಮನೆ ಬರಲಿಲ್ಲ, ಕರೆಸಿದ್ದು. ಊರಿನ ಯುವಕ ಮಂಡಳದವರು ಎರಡು ತಿಂಗಳ ಮುಂಚೆ ಹೋಗಿ ಮಾತಾಡಿ ತಾರೀಕು ಹಿಡಿದು ಬಂದರು. ಆಟಕ್ಕೆ ಇಷ್ಟು ಅಂತ ದುಡ್ಡು ಕೊಡಬೇಕು, ತಂಡದ ಊಟ ವಸತಿ ನೋಡಿಕೊಳ್ಳಬೇಕು, ಜಾಗ, ಕರೆಂಟು, ಟಿಕೆಟ್ ಮಾರೋದು ಎಲ್ಲಾ ಊರಿನ ಹೊಣೆ. ಸುಗ್ಗಿಯ ಕಾಲ, ಭತ್ತ ಬಡಿದು ಮನೆಗೆ ಬಂದಿತ್ತು. ಪಟ್ಟಿ ಎತ್ತೋಕೆ ಮನೆಮನೆಗೆ ಬಂದರು. ನಮ್ಮಪ್ಪ ಮೊದಲು ಬೈದ. "ಶಾಲಿ ಮಾಳಿಗಿ ಸೋರತೈತಿ, ನಿಮಗ ನಾಟಕ ಬೇಕಾಗೇತೇನು?" ಆಮೇಲೆ ಅರ್ಧ ಚೀಲ ಭತ್ತ ಕೊಟ್ಟ. ಅಷ್ಟೇ ಅಲ್ಲ, ಮಂಡಳದವರು ಹೊರಡುವಾಗ ಹಿಂದಿನಿಂದ ಕೂಗಿ, "ಇಬ್ಬರು ಮಂದಿ ನಮ್ಮ ಮನಿಗೆ ಊಟಕ್ಕ ಬರಲಿ" ಅಂದ. ಅಪ್ಪನ ಈ ಎರಡು ಮಾತು ಒಂದಕ್ಕೊಂದು ಹೊಂದೋದಿಲ್ಲ. ನನ್ನ ಅರ್ಜಿಯ ಪೂರ್ತಿ ತಕರಾರು ಅದರಲ್ಲೇ ಇತ್ತು ಅಂತ ಈಗ ಅನ್ನಿಸುತ್ತೆ.

ಇಬ್ಬರು ಬಂದರು. ಒಬ್ಬ ಎತ್ತರದವನು, ಮಾತಿನ ಮಲ್ಲ. ಪಡಸಾಲೆಯಲ್ಲಿ ಕೂತು ರೊಟ್ಟಿ, ಝುಣಕ, ಶೇಂಗಾ ಚಟ್ನಿ ತಿನ್ನುತ್ತಾ ನಮ್ಮಜ್ಜಿಯನ್ನು ನಗಿಸಿದ. ನಾವು ಆಕೆಗೆ ಆಯಿ ಅಂತಿದ್ದೆವು. ನಾಲ್ಕನೇ ರೊಟ್ಟಿ ಹಾಕುತ್ತಾ ಆಯಿ ಕೇಳಿದಳು, "ನೀವು ಯಾವ ಮಂದಿಪಾ?" ಅವನು ಹೇಳಿದ. ಮರೆಸಲಿಲ್ಲ, ತಡವರಿಸಲೂ ಇಲ್ಲ. ಆಯಿ ಏನೂ ಅನ್ನಲಿಲ್ಲ, ಐದನೇ ರೊಟ್ಟಿಯನ್ನೂ ಹಾಕಿದಳು.

ರಾತ್ರಿ ಹೈಸ್ಕೂಲಿನ ಬಯಲಲ್ಲಿ ನಾಟಕ. ಹತ್ತು ರೂಪಾಯಿಗೆ ಚಾಪೆ, ಇಪ್ಪತ್ತಕ್ಕೆ ಖುರ್ಚಿ. ನಾಟಕದ ಹೆಸರು ನನಗೆ ಮರೆತಿದೆ. ಮಗನನ್ನು ಕಳಕೊಂಡ ಒಬ್ಬ ಮುದುಕ ಇದ್ದ, ಅವನು ಹುಡುಕುತ್ತಾ ಅಲೆಯುತ್ತಿದ್ದ, ಕೊನೆಗೆ ಸತ್ತ, ಇಷ್ಟು ನೆನಪು. ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಕೂತು ನಗಿಸಿದವನೇ ಆ ಮುದುಕ. ಅವನು ಸಾಯುವಾಗ ಆಯಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನನ್ನಣ್ಣ ಹೋದಾಗಿನಂತೆ ಅಳು ಬಂತು ಅಂತ ದಾರಿಯುದ್ದಕ್ಕೂ ಹೇಳುತ್ತಾ ಬಂದಳು.

ಮಾರನೇ ಬೆಳಿಗ್ಗೆ ಹಿತ್ತಲಿಗೆ ಹೋದಾಗ ಎರಡು ತಾಟುಗಳು ಬಚ್ಚಲ ಗೋಡೆಗೆ ಆನಿಸಿ ನಿಂತಿದ್ದವು. ಆ ತಾಟುಗಳು ಮತ್ತೆ ಒಳಗೆ ಬರಲಿಲ್ಲ. ಕೋಳಿಗೆ ನುಚ್ಚು ಹಾಕೋಕೆ ಆದವು. ಆಯಿ ಇನ್ನೂ ಹನ್ನೊಂದು ವರ್ಷ ಬದುಕಿದ್ದಳು. ಆ ನಟನ ಸುದ್ದಿ ಆಗಾಗ ತೆಗೀತಿದ್ದಳು, ಎಂಥಾ ಚಂದ ಮಾಡ್ತಿದ್ದ, ಹಡೆದವ್ವ ಪುಣ್ಯ ಮಾಡಿದ್ದಳು ಅಂತ. ತಾಟು ಮಾತ್ರ ಕೋಳಿಯ ಹತ್ತಿರವೇ ಇತ್ತು.

ಫಾರ್ಮಿನಲ್ಲಿ 'ಜಾತಿ ಸಾಮರಸ್ಯ' ಅಂತ ಟೈಪು ಮಾಡುವಾಗ ನನಗೆ ಆ ತಾಟು ನೆನಪಿತ್ತು. ನೆನಪಿದ್ದೂ ಟೈಪು ಮಾಡಿದೆ. ನಾನು ಹೇಳಿದ ಸುಳ್ಳು ಇದು.

ನಾಟಕ ನೋಡಿದರೆ ಮನುಷ್ಯ ಒಳ್ಳೆಯವನಾಗ್ತಾನೆ ಅನ್ನೋದು ನಮಗೆಲ್ಲ ಇಷ್ಟವಾದ ನಂಬಿಕೆ. ಅಳು ಬಂದರೆ ಮನಸ್ಸು ಕರಗಿತು ಅಂತ ಲೆಕ್ಕ. ಇದನ್ನು ಮೊದಲು ಅನುಮಾನಿಸಿದವನು ನಾನೇನಲ್ಲ. 1757ರಲ್ಲಿ ಡಾಲಂಬೇರ್ ಎಂಬ ಫ್ರೆಂಚ್ ಪಂಡಿತ ತಮ್ಮ ವಿಶ್ವಕೋಶಕ್ಕೆ ಜಿನೀವಾದ ಬಗ್ಗೆ ಒಂದು ಲೇಖನ ಬರೆದ. ಆ ಊರಲ್ಲಿ ಒಂದು ನಾಟಕಶಾಲೆ ಇದ್ದರೆ ಜನರ ಅಭಿರುಚಿ ತಿದ್ದೀತು ಅಂತ ಅದರಲ್ಲಿ ಒಂದು ಸಲಹೆಯೂ ಇತ್ತು. ಮಾರನೇ ವರ್ಷ ರೂಸೋ ಅದಕ್ಕೆ ಒಂದು ಪುಸ್ತಕದಷ್ಟು ಉದ್ದದ ಉತ್ತರ ಬರೆದ, ಬೇಡವೇ ಬೇಡ ಅಂತ. (ಸ್ವತಃ ನಾಟಕ, ಸಂಗೀತರೂಪಕ ಬರೆದವನು, ಅದು ಬೇರೆ ಮಾತು.) ಅವನ ಒಂದು ತಕರಾರು ಆಯಿಯನ್ನು ನೋಡಿಯೇ ಬರೆದಂತಿದೆ: ರಂಗದ ಮೇಲಿನ ದುಃಖಕ್ಕೆ ಅತ್ತು, ನಮ್ಮ ಕರ್ತವ್ಯ ಮುಗಿಯಿತು ಅಂತ ಸಮಾಧಾನದಿಂದ ಮನೆಗೆ ಹೋಗ್ತೀವಿ, ಎದುರಿಗಿರುವ ನಿಜವಾದ ಮನುಷ್ಯನಿಗೆ ಏನೂ ಮಾಡೋದಿಲ್ಲ. ಇನ್ನೊಂದು ತಕರಾರು, ನಾಟಕಶಾಲೆಯಲ್ಲಿ ಜನ ಒಟ್ಟಿಗೆ ಸೇರಿದಂತೆ ಕಾಣ್ತಾರೆ, ನಿಜಕ್ಕೂ ಪ್ರತಿಯೊಬ್ಬರೂ ಕತ್ತಲಲ್ಲಿ ಒಬ್ಬಂಟಿ. ಅದರ ಬದಲು ಬಯಲಲ್ಲಿ ಹಬ್ಬ ಮಾಡಿ, ಜನರೇ ಒಬ್ಬರನ್ನೊಬ್ಬರು ನೋಡಲಿ ಅನ್ನೋದು ಅವನ ವಾದ.

ಮೊದಲ ತಕರಾರಿಗೆ ನನ್ನ ಹತ್ತಿರ ಉತ್ತರ ಇಲ್ಲ. ಎರಡನೆಯದಕ್ಕೆ ಇದೆ. ರೂಸೋ ಕಣ್ಣ ಮುಂದೆ ಇದ್ದದ್ದು ಪ್ಯಾರಿಸ್ಸಿನಂಥ ಊರಿನ ಕಾಯಂ ನಾಟಕಶಾಲೆ. ಹೋಗಿ, ಟಿಕೆಟ್ ತಗೊಂಡು, ನೋಡಿ, ಬರೋದು. ನಮ್ಮೂರಿನ ನಾಟಕ ಸಂಜೆ ಏಳಕ್ಕೆ ಶುರುವಾದದ್ದಲ್ಲ, ಎರಡು ತಿಂಗಳ ಮುಂಚೆ ಪಟ್ಟಿ ಎತ್ತಿದಾಗ ಶುರುವಾದದ್ದು. ಯಾರ ಮನೆಗೆ ಎಷ್ಟು ಜನ, ಬೆಂಚು ಯಾರ ಟ್ರ್ಯಾಕ್ಟರಿನಲ್ಲಿ ಬರಬೇಕು, ಕರೆಂಟು ಹೋದರೆ ಜನರೇಟರ್ ಯಾರದ್ದು ಅಂತ ಜಗಳವಾಡಿಕೊಂಡೇ ಎರಡು ತಿಂಗಳು ಕಳೆದಿತ್ತು. ಆ ಜಗಳದಲ್ಲಿ ಊರು ತನ್ನನ್ನು ತಾನು ನೋಡಿಕೊಂಡಿತ್ತು. ಚಂದ ಕಾಣಿಸಿತು ಅಂತಲ್ಲ. ನಟರನ್ನು ಹಂಚುವಾಗ ಮಂಡಳದವರು ಕೆಳಗಿನ ಕೇರಿಗೆ ಹೋಗಲೇ ಇಲ್ಲ. ಪಟ್ಟಿಗೆ ಹೋದವರು ಊಟದ ಮಾತಿಗೆ ಹೋಗಲಿಲ್ಲ. ನನ್ನ ಕ್ಲಾಸಿನ ಗೆಳೆಯನೊಬ್ಬ ಆ ಕೇರಿಯವನು, "ನಮ್ಮ ಮನಿಗ್ಯಾಕ ಯಾರನ್ನೂ ಕಳಸಲಿಲ್ಲ?" ಅಂತ ನನ್ನನ್ನೇ ಕೇಳಿದ. ನನಗೆ ಅದಕ್ಕೂ ಮೊದಲು ಆ ಪ್ರಶ್ನೆ ಹೊಳೆದೇ ಇರಲಿಲ್ಲ. 'ಸಮುದಾಯಕ್ಕೆ ಆಗುವ ಪ್ರಯೋಜನ' ಅಂತ ಬರೆಯುವಾಗ ಸಮುದಾಯ ಅನ್ನೋದು ಮೊದಲೇ ಸಿದ್ಧವಾಗಿ ಪಾತ್ರೆ ಹಿಡಿದು ನಿಂತಿರುತ್ತೆ, ನಾವು ಪ್ರಯೋಜನ ಸುರೀಬೇಕಷ್ಟೇ ಅನ್ನೋ ಹಾಗಿರುತ್ತೆ. ಯಾರು ಸಮುದಾಯ, ಯಾರಲ್ಲ ಅನ್ನೋದೇ ಆ ಎರಡು ತಿಂಗಳು ಬಯಲಿಗೆ ಬಂದಿತ್ತು.

ಅರ್ಜಿಯನ್ನು ನೋಡುವ ಸಮಿತಿಯಲ್ಲಿ ನನ್ನ ಗೆಳತಿಯೊಬ್ಬಳಿದ್ದಳು, ಹಿಂದಿನ ಟೀಮಿನವಳು. ಬುದ್ಧಿವಂತೆ, ನೇರ ಮಾತಿನವಳು. ಕ್ಯಾಂಟೀನಿನಲ್ಲಿ ಸಿಕ್ಕಾಗ, "ನಿನ್ನ ಅರ್ಜಿ ಚೆನ್ನಾಗಿದೆ, ಆದರೆ ಪಾಸಾಗಲ್ಲ" ಅಂದಳು. ಯಾಕೆ ಅಂದರೆ, "ಮೂರು ಲಕ್ಷ ಕೇಳಿದ್ದೀಯ. ಅದೇ ದುಡ್ಡಲ್ಲಿ ನಿನ್ನ ಜಿಲ್ಲೆಯದ್ದೇ ಒಂದು ಶಾಲೆಗೆ ಹುಡುಗಿಯರ ಶೌಚಾಲಯ ಆಗುತ್ತೆ. ನೀನೇ ಹೇಳು, ಯಾವುದು ಮೊದಲು?" ನಮ್ಮಪ್ಪನ ಮಾಳಿಗೆಯ ಮಾತೇ, ಎಕ್ಸೆಲ್ ಶೀಟಿನಲ್ಲಿ.

ಈ ವಾದದ ಹಿಂದೆ ದೊಡ್ಡ ತಲೆಗಳಿವೆ. ಪೀಟರ್ ಸಿಂಗರ್ 1972ರಲ್ಲಿ ಒಂದು ಲೇಖನ ಬರೆದ, ಆಗಿನ ಪೂರ್ವ ಬಂಗಾಳದ ನಿರಾಶ್ರಿತರ ಸಂಕಟ ಕಂಡು. ದಾರಿಯಲ್ಲಿ ಹೋಗುವಾಗ ಕೊಳದಲ್ಲಿ ಮಗುವೊಂದು ಮುಳುಗ್ತಾ ಇದೆ, ಇಳಿದರೆ ಬಟ್ಟೆ ಕೆಸರಾಗುತ್ತೆ, ಅಷ್ಟೇ. ಇಳೀತೀರಲ್ವಾ? ಹಾಗಿದ್ದರೆ ದೂರದಲ್ಲಿ ಹಸಿವಿನಿಂದ ಸಾಯೋ ಮಗುವಿಗೆ ಯಾಕೆ ದುಡ್ಡು ಕಳಿಸಲ್ಲ? ಇದೇ ದಾರಿಯಲ್ಲಿ ಮುಂದೆ ಹೋಗಿ, ಕುರುಡುತನ ತಪ್ಪಿಸೋಕೆ ಕೊಡಬಹುದಾದ ದುಡ್ಡನ್ನು ಮ್ಯೂಸಿಯಮ್ಮಿಗೆ ಕೊಡೋದು ಸರಿಯಲ್ಲ ಅಂತಲೂ ಅವನು ವಾದಿಸಿದ. ನಾವು ಎಂಜಿನಿಯರುಗಳಿಗೆ ಈ ವಾದ ಥಟ್ಟನೆ ಹಿಡಿಸುತ್ತೆ. ಒಂದೇ ಅಳತೆಗೋಲು, ಸಾರ್ಟ್ ಮಾಡು, ಮೇಲಿನದನ್ನು ಎತ್ತಿಕೋ. ನನಗೂ ಹಿಡಿಸುತ್ತೆ. ಮಗು ಮುಳುಗ್ತಿರುವಾಗ ನಾಟಕದ ಮಾತಾಡುವವನು ಮೂರ್ಖ.

ನನ್ನ ಪುಣ್ಯಕ್ಕೆ ಆವತ್ತು ಸ್ವಲ್ಪ ಕಾನೂನು ಓದಿಕೊಂಡು ಹೋಗಿದ್ದೆ. ಕಂಪನಿ ಕಾಯ್ದೆ 2013ರ 135ನೇ ಸೆಕ್ಷನ್ ಪ್ರಕಾರ ಒಂದು ಗಾತ್ರ ಮೀರಿದ ಕಂಪನಿಗಳು ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಇಂಥ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ್ಯಾವ ಕೆಲಸ ಅಂತ ಏಳನೇ ಅನುಸೂಚಿಯಲ್ಲಿ ಪಟ್ಟಿ ಇದೆ, ಅದರಲ್ಲಿ ನೈರ್ಮಲ್ಯವೂ ಇದೆ, ಕಲೆ ಸಂಸ್ಕೃತಿಯೂ ಇದೆ. ಅದಿರಲಿ. ಶೌಚಾಲಯದ ಬಗ್ಗೆ ಬೇರೆಯೇ ಕಾನೂನಿದೆ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ಬಂತು, ಗಂಡು ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಇರಬೇಕು ಅಂತ ಅದು ಹೇಳುತ್ತೆ. 2012ರಲ್ಲಿ ಸುಪ್ರೀಂ ಕೋರ್ಟು ಆರು ತಿಂಗಳೊಳಗೆ ಎಲ್ಲಾ ಶಾಲೆಗಳಲ್ಲೂ ಇದನ್ನು ಮಾಡಿ ಅಂತ ರಾಜ್ಯಗಳಿಗೆ ಆದೇಶ ಕೊಟ್ಟಿತು. ಅಂದರೆ ಅದು ಹಕ್ಕು, ಸರಕಾರ ತೀರಿಸಬೇಕಾದ ಸಾಲ. ಸಾಲವನ್ನು ತಂದು ದಾನದ ಪಟ್ಟಿಯಲ್ಲಿ ಹಾಕಿ, ನಾಟಕದ ಜೊತೆ ಕುಸ್ತಿಗೆ ಬಿಟ್ಟವರು ಯಾರು? ಗೆಳತಿಗೆ ಇದನ್ನೇ ಹೇಳಿದೆ. ಅವಳು ಚಹಾ ಕುಡಿಯುತ್ತಾ, "ಸರಕಾರ ತೀರಿಸೋ ತನಕ ಹುಡುಗಿಯರು ಏನು ಮಾಡಬೇಕು?" ಅಂದಳು. ಸುಮ್ಮನಾದೆ.

ಆದರೂ ಒಂದು ಮಾತು ಉಳಿದಿತ್ತು, ಅದನ್ನು ಆವತ್ತು ಅವಳಿಗೆ ಸರಿಯಾಗಿ ಹೇಳೋಕಾಗಲಿಲ್ಲ. ಈಗ ಹೇಳ್ತೀನಿ.

ನಾಟಕದ ಮರುದಿನ ಬೆಳಿಗ್ಗೆ ತಂಡದ ವ್ಯವಸ್ಥಾಪಕರು ಲೆಕ್ಕ ಮುಗಿಸೋಕೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ಬಂದಿದ್ದರು. ಸ್ವೆಟರು, ಕಂಕುಳಲ್ಲಿ ಲೆಕ್ಕದ ಪುಸ್ತಕ. ಅಪ್ಪನ ಜೊತೆ ನಾನೂ ಇದ್ದೆ. ನಮ್ಮೂರಲ್ಲಿ ಚೀಲ ಹೊರುವ ಹಮಾಲಿಯೊಬ್ಬ ಅವರೆದುರಿಗೆ ಬಂದು ನಿಂತು, "ನಾಟಕ ಚಲೋ ಇತ್ರಿ, ಆದ್ರ ಕಡೀಕ ಭಾಳ ಎಳದ್ರಿ. ಆ ಮುದುಕ ಸಾಯಾಕ ಅಷ್ಟ್ಯಾಕ ಹೊತ್ತು ತಗೊಂಡಾ?" ಅಂದ. ಎಲ್ಲರೂ ನಕ್ಕರು. ವ್ಯವಸ್ಥಾಪಕರು ನಗಲಿಲ್ಲ. ಎಲ್ಲಿ ಎಳೆದ ಹಾಗಾಯ್ತು, ಹಾಡಿನ ಹತ್ತಿರವಾ, ಆಮೇಲಾ ಅಂತ ಕೇಳಿದರು. ಹಾಡು ಬಿಟ್ಟರೆ ಹೇಗಿರುತ್ತೆ ಅಂತ ಕೇಳಿದರು. ಹಮಾಲಿ ಯೋಚನೆ ಮಾಡಿ, "ಹಾಡು ಇರಲಿ, ಆ ಮಾತು ಕಮ್ಮಿ ಮಾಡ್ರಿ" ಅಂದ. ಆಗಲ್ಲ, ಆ ಮಾತಿಲ್ಲದಿದ್ದರೆ ಅವನು ಯಾಕೆ ಸತ್ತ ಅಂತ ತಿಳಿಯಲ್ಲ ಅಂತ ಇವರು. ತಿಳಿಯತೈತಿ ಬಿಡ್ರಿ, ನಮಗ ಮೊದಲ ತಿಳದಿತ್ತು ಅಂತ ಅವನು. ಹತ್ತು ನಿಮಿಷ ನಡೀತು.

ಹೊರಗಿನಿಂದ ನಮ್ಮೂರಿಗೆ ಬಂದವರು ಆ ಮನುಷ್ಯನ ಅಭಿಪ್ರಾಯ ಕೇಳಿದ್ದು ನಾನು ಅದೊಂದೇ ಸಲ ನೋಡಿದ್ದು. ಓಟು ಕೇಳೋಕೆ ಬರ್ತಿದ್ದರು, ಅದು ಅಭಿಪ್ರಾಯವಲ್ಲ. ರೇಶನ್ ಕಾರ್ಡಿನಲ್ಲಿ, ಮನೆ ಮಂಜೂರಾತಿಯಲ್ಲಿ ಅವನ ಹೆಸರು ಫಲಾನುಭವಿಗಳ ಪಟ್ಟಿಯಲ್ಲಿ ಬರ್ತಿತ್ತು. ಫಲಾನುಭವಿಗೆ ಕೊಟ್ಟದ್ದನ್ನು ತಗೊಳ್ಳುವ ಹಕ್ಕಿದೆ, ಚೆನ್ನಾಗಿಲ್ಲ ಅನ್ನುವ ಹಕ್ಕಿಲ್ಲ. ಅಂದರೆ ಕೊಬ್ಬು ಅಂತಾರೆ. ಪ್ರೇಕ್ಷಕನಿಗೆ ಹಾಗಲ್ಲ. ಹತ್ತು ರೂಪಾಯಿ ಕೊಟ್ಟು ಚಾಪೆಯ ಮೇಲೆ ಕೂತವನು ಬೋರಾಯ್ತು ಅನ್ನಬಹುದು, ಎದ್ದು ಹೋಗಬಹುದು, ಮರುದಿನ ನಿರ್ದೇಶಕನಿಗಿಂತ ತಾನೇ ಬಲ್ಲೆ ಅಂತ ವಾದಿಸಬಹುದು. ಆ ಹತ್ತು ರೂಪಾಯಿ ಇಲ್ಲದೆ ಪುಕ್ಕಟೆ ತೋರಿಸಿದ್ದರೆ ಅವನು ಅಷ್ಟು ಧೈರ್ಯವಾಗಿ ಬಂದು ನಿಲ್ತಿದ್ದನಾ ಅನ್ನೋದು ನನಗೆ ಅನುಮಾನ. ಮದ್ಯಪಾನ ಬೇಡ, ಕಕ್ಕಸು ಕಟ್ಟಿಸಿ ಅಂತ ಇಲಾಖೆಯವರು ಬೀದಿನಾಟಕ ಮಾಡಿಸಿದ್ದನ್ನೂ ನಾವು ನೋಡಿದ್ದೇವೆ. ಒಳ್ಳೇ ಮಾತುಗಳೇ. ಅದು ಎಳೀತು ಅಂತ ಯಾರೂ ಹೇಳಿದ್ದು ಕೇಳಲಿಲ್ಲ. ಹೇಳೋಕೆ ಅದರಲ್ಲಿ ಜಾಗವೇ ಇರಲಿಲ್ಲ.

ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಒಂದು ಕತೆಯಿದೆ. ದೇವತೆಗಳು ಬ್ರಹ್ಮನ ಹತ್ತಿರ ಹೋಗಿ, ನೋಡೋಕೂ ಕೇಳೋಕೂ ಆಗುವಂಥ, ಎಲ್ಲಾ ವರ್ಣದವರಿಗೂ ಸಲ್ಲುವಂಥ ಒಂದು 'ಕ್ರೀಡನೀಯಕ' ಕೊಡು ಅಂತ ಕೇಳ್ತಾರೆ. ಕ್ರೀಡನೀಯಕ ಅಂದರೆ ಆಟಕ್ಕೊಂದು ವಸ್ತು, ಆಟಿಕೆ. ಜಾಗೃತಿ ಮೂಡಿಸುವ ಸಾಧನ ಕೊಡು ಅಂತ ಕೇಳಲಿಲ್ಲ. (ಉಪದೇಶ, ಹಿತ ಎಲ್ಲಾ ಅದೇ ಅಧ್ಯಾಯದಲ್ಲಿ ಆಮೇಲೆ ಬರುತ್ತೆ, ಇಲ್ಲ ಅಂತ ಹೇಳಲ್ಲ.) ಮೊದಲ ನಾಟಕ ದೇವತೆಗಳು ಗೆದ್ದದ್ದು, ದೈತ್ಯರು ಸೋತದ್ದು. ನೋಡಲು ಬಂದಿದ್ದ ದೈತ್ಯರು ಇದನ್ನು ಒಪ್ಪಲ್ಲ ಅಂತ ಗಲಾಟೆ ಮಾಡಿ, ನಟರ ಮಾತು ಚಲನೆ ಎಲ್ಲಾ ಸ್ತಂಭಿಸಿಬಿಡ್ತಾರೆ. ಮೊಟ್ಟಮೊದಲ ಆಟಕ್ಕೇ ಪ್ರೇಕ್ಷಕರ ತಕರಾರು! ಆ ಹಮಾಲಿ ಈ ಪರಂಪರೆಯವನು ಅಂತ ನನ್ನ ಲೆಕ್ಕ.

ಅಂದರೆ ತಿರುಗಾಟದ ತಂಡವೊಂದು ಒಂದು ಊರಿಗೆ ಏನು ಮಾಡುತ್ತೆ ಅಂದರೆ, ಒಂದು ರಾತ್ರಿ ಆ ಊರಿನವರನ್ನು ಫಲಾನುಭವಿಗಳಲ್ಲದ ಹಾಗೆ ನೋಡಿಕೊಳ್ಳುತ್ತೆ. ನಾನು ನಾಲ್ಕನೇ ಪುಟದಲ್ಲಿ ಕೂತು ಅವರನ್ನು ಮತ್ತೆ ಎತ್ತಿ ಅದೇ ಪಟ್ಟಿಗೆ ಹಾಕಿದ್ದೆ, 24,000 ಅಂತ ಎಣಿಸಿ. ಇದು ನನಗೆ ದೊಡ್ಡ ಸತ್ಯ ಹೊಳೆದ ಹಾಗೆ ಅನ್ನಿಸಿ, ರಾತ್ರಿ ಅಕ್ಕನಿಗೆ ಫೋನು ಮಾಡಿ ಉದ್ದಕ್ಕೆ ಹೇಳಿದೆ. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು, ನಮ್ಮೂರಿಂದ ಆರು ಕಿಲೋಮೀಟರ್ ದೂರಕ್ಕೆ ಕೊಟ್ಟಿದೆ. ಎಲ್ಲಾ ಕೇಳಿ, "ಆ ಮುದುಕ ಕಡೀಗೆ ಏನಾದ?" ಅಂದಳು.

"ಸತ್ತ. ಯಾಕ, ನೀನೂ ನೋಡಿಯಲ್ಲ?"

"ನಾ ಎಲ್ಲಿ ನೋಡೀನಿ. ಅರ್ಧಕ್ಕ ಎದ್ದು ಬಂದ್ನೆಲ್ಲ."

ನನಗೆ ಗೊತ್ತೇ ಇರಲಿಲ್ಲ. ಅವಳು ಹೇಳಿದ್ದು ಇಷ್ಟು. ನಾಟಕ ಇದೆ ಅಂತ ಹೆಂಗಸರೆಲ್ಲ ಮಧ್ಯಾಹ್ನದಿಂದಲೇ ನೀರು ಕುಡಿಯೋದು ಬಿಟ್ಟಿದ್ದರು. ಹೈಸ್ಕೂಲಿಗೆ ಶೌಚಾಲಯವಿರಲಿಲ್ಲ, ಬಯಲಿನ ಹಿಂದೆ ಜಾಲಿ ಕಂಟಿ. ಮಧ್ಯಂತರದಲ್ಲಿ ಐದಾರು ಜನ ಸೇರಿ ಆ ಕಡೆ ಹೋದರೆ, ಯಾರೋ ಹುಡುಗರು ಬ್ಯಾಟರಿ ಬಿಟ್ಟು ನಕ್ಕರಂತೆ. ವಾಪಸು ಬಂದು ಕೂರುವ ಮನಸ್ಸಾಗದೆ ಅಕ್ಕ, ಪಕ್ಕದ ಮನೆಯ ಇಬ್ಬರು ಹುಡುಗಿಯರು ಮನೆಗೆ ಹೋದರು. ಆಯಿಯಂಥ ಮುದುಕಿಯರು ಉಳಿದರು. "ನಿನ್ನ ಪ್ರೇಕ್ಷಕ ಗಂಡಸು ಅದಾನ ತಮ್ಮಾ" ಅಂದಳು. ಸಿಟ್ಟಿನಿಂದಲ್ಲ. ಮತ್ತೆ ಕೇಳಿದಳು, "ಮಗ ಸಿಕ್ಕನೇನು ಅವಗ, ಸಾಯೂದ್ರಾಗ?" ನನಗೆ ನೆನಪಿರಲಿಲ್ಲ. ಪೂರ್ತಿ ನೋಡಿದವನಿಗೆ ನೆನಪಿಲ್ಲ, ಅರ್ಧ ನೋಡಿದವಳು ಇಪ್ಪತ್ತು ವರ್ಷದಿಂದ ಆ ಮುದುಕನನ್ನು ದಾರಿಯಲ್ಲೇ ನಿಲ್ಲಿಸಿಕೊಂಡಿದ್ದಳು.

ಶೌಚಾಲಯವೋ ನಾಟಕವೋ ಅಂತ ಗೆಳತಿಯೂ ನಾನೂ ವಾದ ಮಾಡಿದ್ದೆವಲ್ಲ, ಇಬ್ಬರಿಗೂ ಅಕ್ಕ ಕಂಡಿರಲಿಲ್ಲ. ಅವಳಿಗೆ ನಾಟಕವೂ ಬೇಕಿತ್ತು, ಅದಕ್ಕೇ ಶೌಚಾಲಯ ಬೇಕಿತ್ತು.

ಅರ್ಜಿ ವಾಪಸು ತೆಗೆದುಕೊಂಡು ಹೊಸದಾಗಿ ಬರೆದೆ. ವ್ಯಕ್ತಿತ್ವ ವಿಕಸನ, ಸಾಮರಸ್ಯ, ಸಬಲೀಕರಣ ಎಲ್ಲಾ ತೆಗೆದೆ. ಪ್ರಯೋಜನದ ಕಲಮಿನಲ್ಲಿ 'ಜನ ದುಡ್ಡು ಕೊಟ್ಟು ನಾಟಕ ನೋಡುತ್ತಾರೆ, ಮರುದಿನ ಅದರ ಬಗ್ಗೆ ಜಗಳವಾಡುತ್ತಾರೆ' ಅಂತ ಬರೆದೆ. ಸಂಖ್ಯೆಯ ಕಲಮನ್ನು ಖಾಲಿ ಬಿಡೋಕೆ ಸಾಫ್ಟ್‌ವೇರ್ ಬಿಡಲಿಲ್ಲ, ಸೊನ್ನೆ ಹಾಕಿದೆ. ಖರ್ಚಿನ ಪಟ್ಟಿಯಲ್ಲಿ ಲೈಟು, ಲಾರಿ ರಿಪೇರಿಯ ಜೊತೆ ಹೊಸದೊಂದು ಸಾಲು: ಹೆಂಗಸರಿಗೆ ಮಡಚಿ ಒಯ್ಯಬಹುದಾದ ತಗಡಿನ ಎರಡು ಶೌಚಾಲಯ, ನೀರಿನ ಡ್ರಮ್ಮು, ಅಲ್ಲಿಗೆ ಹೋಗುವ ದಾರಿಗೆ ನಾಲ್ಕು ದೀಪ. ಕಾರ್ಯದರ್ಶಿಗೆ ಓದಿ ಹೇಳಿದೆ. "ಇದು ನಮಗ ಹೊಳದಿದ್ದಿಲ್ರೀ ಸರ" ಅಂದರು, ಸ್ವಲ್ಪ ನಾಚಿಕೆಯಿಂದಲೇ.

ಸಮಿತಿಯ ತೀರ್ಮಾನ ಒಂದು ತಿಂಗಳಿಗೆ ಬಂತು. ಶೌಚಾಲಯ, ಡ್ರಮ್ಮು, ದೀಪಕ್ಕೆ ಮಂಜೂರು. ಉಳಿದದ್ದಕ್ಕೆ ಇಲ್ಲ. ಗೆಳತಿ ಮೆಸೇಜು ಹಾಕಿದಳು, 'ಸಾರಿ, ಸೊನ್ನೆಗೆ ನಾನು ತುಂಬಾ ವಾದ ಮಾಡಿದೆ' ಅಂತ. ಲಾರಿ ರಿಪೇರಿಗೆ ನಾನೂ ಅವಳೂ ಇನ್ನು ನಾಲ್ಕೈದು ಜನರೂ ಕೈಯಿಂದ ಹಾಕಿದೆವು. ಅದನ್ನು ದಾನ ಅಂತ ಬರೆದುಕೊಳ್ಳಬೇಡಿ, ಮುಂದಿನ ಹತ್ತು ಊರಿನ ಟಿಕೆಟ್ಟು ಅಂತ ಬರೆದುಕೊಳ್ಳಿ ಅಂತ ಕಾರ್ಯದರ್ಶಿಗೆ ಹೇಳಿದೆ. ಹಾಗೆ ಬರೆಯೋಕೆ ಬರಲ್ಲ, ಆಡಿಟರು ಒಪ್ಪಲ್ಲ ಅಂದರು.

ಈ ಡಿಸೆಂಬರಿನಲ್ಲಿ ತಂಡ ಅಕ್ಕನ ಊರಿಗೆ ಹೋಯಿತು. ನನಗೆ ರಿಲೀಸ್ ಇತ್ತು, ಹೋಗೋಕಾಗಲಿಲ್ಲ. ರಾತ್ರಿ ಹನ್ನೆರಡೂವರೆಗೆ ಫೋನು ಬಂತು. ಲ್ಯಾಪ್‌ಟಾಪ್ ಮುಂದೆ ಕೂತಿದ್ದವನು ಏನಾಯ್ತೋ ಅಂತ ಗಾಬರಿಯಿಂದ ಎತ್ತಿದೆ. ಹಿಂದೆ ಜನರ ಗದ್ದಲ, ಖುರ್ಚಿ ಎಳೆಯುವ ಸದ್ದು. ಮಗಳೂ ಅವಳೂ ಕೊನೆಯವರೆಗೆ ಕೂತಿದ್ದರಂತೆ.

"ಹೆಂಗಿತ್ತು?" ಅಂದೆ.

"ಚಲೋ ಇತ್ತೋ" ಅಂದಳು ಅಕ್ಕ. "ಆದ್ರ ಕಡೀಕ ಭಾಳ ಎಳದ್ರು."